ಹಸುವಿನ ಅಂಡಾಶಯದಲ್ಲಿ ನಡೆಯುವುದೇನು?

ಈದು ಮೂರು ನಾಲ್ಕು ತಿಂಗಳಾದರೂ ಹಸು ಬೆದೆಗೆ ಬಂದಿಲ್ಲ, ಬಂದರೂ ಗಬ್ಬ ನಿಲ್ಲುತ್ತಿಲ್ಲ ಎಂಬ ದೂರು ನಮ್ಮ ಸದಸ್ಯರಲ್ಲಿ ಸಾಮಾನ್ಯ. ತೋಟದ ಗೊಬ್ಬರಕ್ಕೂ ಮನೆಯ ಹಾಲಿಗೂ ಕೊಟ್ಟಿಗೆಯನ್ನೇ ನೆಚ್ಚಿರುವ ಸಣ್ಣ ಬೆಳೆಗಾರನಿಗೆ ಹೀಗೆ ಕಳೆದ ಪ್ರತಿ ತಿಂಗಳೂ ನಷ್ಟವೇ. ಒಳಗೆ ನಡೆಯುವುದೇನೆಂದು ತಿಳಿದರೆ ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಹೆಣ್ಣುಕರು ಹುಟ್ಟುವಾಗಲೇ ಅದರ ಎರಡು ಅಂಡಾಶಯಗಳಲ್ಲಿ ಸಾವಿರಾರು ಅಂಡಕೋಶಗಳಿರುತ್ತವೆ. ಅಂಡಕೋಶವೆಂದರೆ ಒಂದು ಅಂಡವನ್ನು ಒಳಗಿಟ್ಟುಕೊಂಡ ಪುಟ್ಟ ಚೀಲ. ಬೆದೆಯ ಚಕ್ರ ಸುಮಾರು 21 ದಿನದ್ದಾದರೂ ಅಷ್ಟು ದಿನವೂ ಒಂದೇ ಕೋಶ ಬೆಳೆಯುತ್ತಿರುವುದಿಲ್ಲ. ಒಂದು ಚಕ್ರದಲ್ಲಿ ಎರಡು ಅಥವಾ ಮೂರು ಸಲ ಕೋಶಗಳು ಗುಂಪಾಗಿ ಮೇಲೇಳುತ್ತವೆ. 1980ರ ದಶಕದಲ್ಲಿ ವಿಜ್ಞಾನಿಗಳು ಸ್ಕ್ಯಾನಿಂಗ್ ಯಂತ್ರದಿಂದ ದಿನದಿನವೂ ನೋಡಿ ಇದನ್ನು ಖಚಿತಪಡಿಸಿಕೊಂಡರು. ಪ್ರತಿ ಗುಂಪಿನಲ್ಲೂ ಸಾಮಾನ್ಯವಾಗಿ ಒಂದೇ ಕೋಶ ಮುಂದಾಗುತ್ತದೆ. ಉಳಿದವು ದಟ್ಟ ನೆರಳಿಗೆ ಸಿಕ್ಕ ಸಸಿಗಳಂತೆ ಸೊರಗಿ ಕರಗುತ್ತವೆ. ಮುಂದಾದ ಕೋಶವಾದರೂ ಒಡೆದೇ ಒಡೆಯುತ್ತದೆಂಬ ಖಾತರಿಯಿಲ್ಲ. ಹಿಂದಿನ ಅಂಡ ಹೊರಬಿದ್ದ ಜಾಗದಲ್ಲಿ ಬೆಳೆದ ಹಳದಿ ಗಂಟು ಪ್ರೊಜೆಸ್ಟರಾನ್ ಎಂಬ ಹಾರ್ಮೋನನ್ನು ಸುರಿಸುತ್ತಿರುವ ತನಕ ಅದೂ ಕರಗಲೇಬೇಕು. ಗಬ್ಬ ನಿಂತಿರದಿದ್ದರೆ 16–17ನೆಯ ದಿನದ ಸುಮಾರಿಗೆ ಗರ್ಭಕೋಶವು ಈ ಗಂಟನ್ನು ಕರಗಿಸತೊಡಗುತ್ತದೆ. ಆಗ ಮುಂದಿರುವ ಕೋಶ 15 ಮಿಲಿಮೀಟರಿನಷ್ಟು ಅಥವಾ ಇನ್ನೂ ದೊಡ್ಡದಾಗಿ, ಈಸ್ಟ್ರೋಜನ್ ಏರಿಸಿ, ಹಸುವನ್ನು ಬೆದೆಗೆ ತರುತ್ತದೆ.

ಅಂಡ ಹೊರಬೀಳುವುದು ಬೆದೆಯ ಲಕ್ಷಣ ನಿಂತ ಮೇಲೆ, ಸುಮಾರು 10–14 ಗಂಟೆಗೆ. ಹೊರಬಿದ್ದ ಅಂಡಕ್ಕೆ ಆಯುಷ್ಯ ಕೆಲವೇ ಗಂಟೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಿರೆಂದು ಪಶುವೈದ್ಯರು ಹೇಳುವುದು ಇದಕ್ಕಾಗಿಯೇ.

ಇನ್ನು ಮೇವಿನ ಮಾತು. ಹಿಂಗಾರ ಹೊರಗೆ ಕಾಣುವುದಕ್ಕೆ ಬಹಳ ಮುಂಚೆಯೇ ಹಾಳೆಯ ಮರೆಯಲ್ಲಿ ರೂಪುಗೊಂಡಿರುತ್ತದಷ್ಟೆ. ಅಂಡಕೋಶದ್ದೂ ಹಾಗೆಯೇ, ನಿದ್ದೆಯಿಂದೆದ್ದ ಕೋಶ ಒಡೆಯುವ ಹಂತಕ್ಕೆ ಬರಲು ಮೂರು ತಿಂಗಳಿಗೂ ಹೆಚ್ಚು ಬೇಕು. ಹಾಲು ಕೊಡುವಾಗ ಮಾತ್ರ ಹಿಂಡಿ, ಬತ್ತಿದ ಮೇಲೆ ಬರಿ ಹುಲ್ಲು ಎಂಬ ನಮ್ಮಲ್ಲಿನ ರೂಢಿ ಸರಿಯಲ್ಲ. ಬಡಕಲಾಗಿ ಈದ ಹಸು ಹಾಲಿಗಾಗಿ ಮೈಯನ್ನೇ ಕರಗಿಸಿಕೊಳ್ಳುತ್ತದೆ. ಆಗ ಮಿದುಳಿನ ಬುಡದ ಗ್ರಂಥಿಯ ಪ್ರಚೋದನೆ ಕುಗ್ಗಿ, ಕೋಶ ಬೆಳೆದರೂ ಒಡೆಯದೆ ಕರಗಿಹೋಗುತ್ತದೆ. ಈಯುವ ಮುಂಚಿನ ಎರಡು ತಿಂಗಳು ಹಸಿರು ಮೇವು, ಖನಿಜ ಮಿಶ್ರಣ ತಪ್ಪಿಸಬೇಡಿ. ಹಾಗೆಂದು ಅತಿಯಾಗಿ ಕೊಬ್ಬಿಸುವುದೂ ಬೇಡ.

ಈದ ನಂತರದ ಮೊದಲ ಅಂಡ ಸಾಮಾನ್ಯವಾಗಿ ಬೆದೆಯ ಲಕ್ಷಣವಿಲ್ಲದೆಯೇ ಹೊರಬೀಳುತ್ತದೆ. ಅದಕ್ಕೆ ಗಾಬರಿ ಬೇಡ. ಅಡಿಕೆ ಕೊಯ್ಲು, ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ಬೆದೆ ಕಣ್ತಪ್ಪುವುದೇ ಹೆಚ್ಚು. ನಸುಕಿನಲ್ಲಿ ಮತ್ತು ಮಲಗುವ ಮುಂಚೆ ಕೊಟ್ಟಿಗೆಗೆ ಹೋಗಿ ಲೋಳೆ ಕಂಡಿದೆಯೇ ನೋಡಿ, ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತುಹಾಕಿ. ಈದು 60 ದಿನವಾದರೂ ಏನೂ ಕಾಣದಿದ್ದರೆ ಪಶುವೈದ್ಯರಿಂದ ಅಂಡಾಶಯವನ್ನು ಪರೀಕ್ಷೆ ಮಾಡಿಸಿ.