ನಿಮ್ಮ ಕಥೆಗೂ ಒಂದು ಮುಖಪುಟ ಇರಲಿ

ಮಧ್ಯಾಹ್ನದ ಊಟ ಮುಗಿದು, ಪಾತ್ರೆ ತೊಳೆದಿಟ್ಟು, ಮಕ್ಕಳು ಶಾಲೆಯಿಂದ ಬರೋದಕ್ಕೆ ಇನ್ನೂ ಒಂದು ತಾಸು ಇದೆ ಅನ್ನುವಾಗ ನಿಮ್ಮಲ್ಲಿ ಕೆಲವರು ಟೀವಿ ಹಾಕುತ್ತೀರಿ. ಕೆಲವರು ಮಾತ್ರ ಕಪಾಟಿನಲ್ಲಿ ಸೀರೆಗಳ ಕೆಳಗಿಟ್ಟ ನೋಟ್‌ಬುಕ್ ತೆಗೆದು ನಾಲ್ಕು ಸಾಲು ಬರೆಯುತ್ತೀರಿ. ಅದು ಅಚ್ಚಾಗುವಂಥ ಕಥೆಯೇ ಅಂತ ಯಾರನ್ನಾದರೂ ಕೇಳಲು ಸಂಕೋಚ. ಬೀದರ್, ಭಾಲ್ಕಿ, ಔರಾದ್ ಕಡೆಯ ಗೃಹಿಣಿಯರಿಗಂತೂ ಇನ್ನೊಂದು ಅಂಜಿಕೆ: "ನಮ್ಮ ಕನ್ನಡ ಶುದ್ಧ ಇಲ್ಲರೀ. ಅರ್ಧ ಉರ್ದು, ಅರ್ಧ ಮರಾಠಿ. ಇದನ್ನ ಯಾರು ಓದ್ತಾರೆ?"

ಮೊದಲು ಈ ಅಂಜಿಕೆ ಬಿಡಿ. ಕಥೆ ಬರೆಯುವವರಿಗೆ ಬೇಕಾದ ಬಂಡವಾಳವೇ ನಿಮ್ಮ ಆ ಮಾತು.

ಮನೆಮಾತು ಕೊರತೆಯಲ್ಲ

1956ರವರೆಗೆ ಬೀದರ್ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಕಾಲದಲ್ಲಿ ಕಚೇರಿ, ಶಾಲೆ ಎಲ್ಲ ಕಡೆ ಉರ್ದು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಜಿಲ್ಲೆಯ ಮನೆಮನೆಗೂ ಗೊತ್ತು. ಬೀದರಿನ ರಂಗಮಂದಿರಕ್ಕೆ ಅವರದೇ ಹೆಸರಿದೆ. ಅಷ್ಟು ಕಷ್ಟಪಟ್ಟು ಉಳಿದ ಕನ್ನಡ ಇದು. ಅದರ ಜೊತೆ ಬೆರೆತ ದಖನಿ, ಮರಾಠಿ, ತೆಲುಗು ಮಾತುಗಳೂ ಇಲ್ಲಿನ ಬದುಕಿನವೇ.

ನಿಮ್ಮ ಕಥೆಯ ಅತ್ತೆ "ಜರಾ ದವಾಖಾನಿಗಿ ಹೋಗಿ ಬರ್ತೀನವ್ವಾ" ಅಂದರೆ ಓದುಗರಿಗೆ ಅವರ ದನಿಯೇ ಕೇಳಿಸುತ್ತದೆ. ಅದನ್ನೇ "ಸ್ವಲ್ಪ ಆಸ್ಪತ್ರೆಗೆ ಹೋಗಿ ಬರುತ್ತೇನೆ" ಅಂತ ತಿದ್ದಿದರೆ ಅತ್ತೆ ಯಾವ ಊರಿನವರಾದರೂ ಆಗಬಹುದು. ಸುಲಭದ ದಾರಿ ಅಂದರೆ, ನೀವು ಹೇಳುವ ಭಾಗ ಎಲ್ಲರೂ ಓದುವ ಬರಹದ ಕನ್ನಡದಲ್ಲಿರಲಿ, ಪಾತ್ರಗಳ ಮಾತು ಮನೆಯ ಕನ್ನಡದಲ್ಲಿರಲಿ.

ಜೊತೆಗೆ ಒಂದು ಸಣ್ಣ ಪುಸ್ತಕದಲ್ಲಿ ಪದ ಕೂಡಿಡಿ. ಎಳ್ಳಮವಾಸ್ಯೆಗೆ ಭಜ್ಜಿ, ಅಂಬಲಿ ಮಾಡಿಕೊಂಡು ಹೊಲಕ್ಕೆ ಹೋದಾಗ ಹಿರಿಯರು ಆಡುವ ಮಾತು, ಸಂತೆಯಲ್ಲಿ ಚೌಕಾಶಿ ಮಾಡುವ ಮಾತು, ಸಿಟ್ಟು ಬಂದಾಗ ಅಜ್ಜಿ ಅನ್ನುವ ಮಾತು. ಇವು ಯಾವ ನಿಘಂಟಿನಲ್ಲೂ ಒಟ್ಟಿಗೆ ಸಿಗುವುದಿಲ್ಲ.

ಇವರೂ ಮನೆಯಿಂದಲೇ ಬಂದವರು

"ಓದಿದ್ದು ಕಡಿಮೆ, ವಯಸ್ಸಾಯ್ತು" ಅನ್ನುತ್ತೀರಾ? ಹಾಗಾದರೆ ಇವರನ್ನು ನೋಡಿ.

ನಂಜನಗೂಡು ತಿರುಮಲಾಂಬ (1887-1982) ಬಾಲವಿಧವೆ. ತಮ್ಮ ಕಾದಂಬರಿಗಳನ್ನು ಅಚ್ಚು ಹಾಕಿಸಲು 1913ರಲ್ಲಿ 'ಸತಿಹಿತೈಷಿಣಿ' ಗ್ರಂಥಮಾಲೆಯನ್ನು ತಾವೇ ಶುರು ಮಾಡಿದರು, ಆಮೇಲೆ ಪತ್ರಿಕೆಯನ್ನೂ ನಡೆಸಿದರು. ಇಂದು 'ಸ್ವಂತ ಪ್ರಕಾಶನ' ಅನ್ನುವುದನ್ನು ನೂರು ವರ್ಷಕ್ಕೂ ಹಿಂದೆ ಒಬ್ಬ ಹೆಣ್ಣುಮಗಳು ಮಾಡಿ ತೋರಿಸಿದ್ದರು.

ಸೊಲ್ಲಾಪುರದಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆ ಶಾಲೆಯಲ್ಲಿ ಕಲಿತದ್ದು ಮರಾಠಿ. ಕನ್ನಡವನ್ನು ಸ್ವಂತವಾಗಿ ಕಲಿತು ಕಾವ್ಯ ಬರೆದರು. ಮುಂದೆ ನಮ್ಮದೇ ಜಿಲ್ಲೆಯ ಬಸವಕಲ್ಯಾಣದಲ್ಲಿ ನೆಲೆಸಿದರು. 1974ರಲ್ಲಿ ಮಂಡ್ಯದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷೆಯಾದರು. ಮರಾಠಿ ಶಾಲೆಯಲ್ಲಿ ಕಲಿತು ಬಂದ ಔರಾದಿನ ಸೊಸೆಯಂದಿರು ಇದನ್ನು ನೆನಪಿಡಬೇಕು.

ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರ' ಬಂದದ್ದು 1963ರಲ್ಲಿ, ಅವರಿಗೆ 45 ದಾಟಿದ ಮೇಲೆ. ಹಾಸನದ ಬಾನು ಮುಷ್ತಾಕ್ ಅವರ ಮನೆಮಾತು ದಖನಿ ಉರ್ದು, ಬರೆದದ್ದು ಕನ್ನಡ. ಅವರ 12 ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' ಸಂಕಲನಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು.

ಓಣಿಯವರು ಗುರುತು ಹಿಡಿದರೆ?

ಸಣ್ಣ ಊರಿನಲ್ಲಿ ಇದು ನಿಜವಾದ ಚಿಂತೆ. ನಾದಿನಿಯ ಸಂಸಾರದ ಗುಟ್ಟು ಕಥೆಯಾಗಿ ಬಂದರೆ ಮನೆಯಲ್ಲಿ ತಕರಾರು ಆಗದೆ ಇರುತ್ತದೆಯೇ? ಹಾಗಂತ ಬರೆಯದೇ ಇರಬೇಕಿಲ್ಲ. ಇಂದಿರಾ ಅವರ 'ಫಣಿಯಮ್ಮ' ಕೂಡ ಅವರ ಕುಟುಂಬದ ಹಿರಿಯ ಹೆಂಗಸೊಬ್ಬರ ಬದುಕಿನಿಂದ ಹುಟ್ಟಿದ್ದು. ನೋವು ನಿಜವಿರಲಿ, ಗುರುತು ಬೇರೆ ಇರಲಿ. ಇಬ್ಬರನ್ನು ಸೇರಿಸಿ ಒಂದು ಪಾತ್ರ ಮಾಡಿ. ಊರು, ವಯಸ್ಸು, ಕಸುಬು ಬದಲಿಸಿ. ಒಬ್ಬರ ಮೇಲಿನ ಸಿಟ್ಟು ತೀರಿಸಿಕೊಳ್ಳಲು ಬರೆದದ್ದನ್ನು ಮಾತ್ರ ಆರು ತಿಂಗಳು ಪಕ್ಕಕ್ಕಿಟ್ಟು ಮತ್ತೆ ಓದಿ. ಆಗಲೂ ಕಥೆ ಅನ್ನಿಸಿದರೆ ಮುಂದಕ್ಕೆ ಕಳಿಸಿ.

ನೋಟ್‌ಬುಕ್ಕಿನಿಂದ ಪುಸ್ತಕಕ್ಕೆ

* ಮೊದಲು ಪತ್ರಿಕೆಗೆ ಕಳಿಸಿ. ವಾರಪತ್ರಿಕೆ, ಮಾಸಪತ್ರಿಕೆ, ದೀಪಾವಳಿ-ಯುಗಾದಿ ವಿಶೇಷಾಂಕಗಳ ಕಥಾಸ್ಪರ್ಧೆ ಒಳ್ಳೆಯ ಬಾಗಿಲು. ಒಂದು ಕಥೆಯನ್ನು ಒಂದೇ ಸಲ ಎರಡು ಕಡೆ ಕಳಿಸಬೇಡಿ. ಪ್ರತಿ ನಿಮ್ಮ ಹತ್ತಿರ ಇರಲಿ.

* ಕಥೆಯನ್ನು ಜೋರಾಗಿ ಓದಿ ಕೇಳಿಸಿ. ನಾಲ್ಕು ಜನ ಗೆಳತಿಯರು ತಿಂಗಳಿಗೊಮ್ಮೆ ಸೇರಿದರೂ ಸಾಕು. ಕನ್ನಡ ಸಾಹಿತ್ಯ ಪರಿಷತ್ತಿನ ತಾಲ್ಲೂಕು ಘಟಕದ ಕಾರ್ಯಕ್ರಮಗಳಿಗೂ ಹೋಗಿ ಬನ್ನಿ.

* ಹತ್ತು-ಹನ್ನೆರಡು ಕಥೆ ಆದ ಮೇಲೆ ಸಂಕಲನದ ಯೋಚನೆ ಮಾಡಿ. ಪುಸ್ತಕ ಅಚ್ಚಾಗುವುದು 16 ಪುಟಗಳ ಫಾರಂ ಲೆಕ್ಕದಲ್ಲಿ. 8 ಫಾರಂ ಅಂದರೆ 128 ಪುಟ, ಮೊದಲ ಪುಸ್ತಕಕ್ಕೆ ಅದು ಧಾರಾಳ.

* ಸಂಡೂರಿನ ವಸುಧೇಂದ್ರ 'ಛಂದ ಪುಸ್ತಕ' ಪ್ರಕಾಶನ ಕಟ್ಟಿ ತಮ್ಮ ಪುಸ್ತಕ ತಾವೇ ತಂದರು. ಆಮೇಲೆ ಹೊಸ ಕಥೆಗಾರರ ಹಸ್ತಪ್ರತಿಗೂ ಸ್ಪರ್ಧೆ ನಡೆಸಿ ಪುಸ್ತಕ ಮಾಡಿದರು. ಇಂಥ ಸ್ಪರ್ಧೆಗಳ ಆಹ್ವಾನ ಬಂದಾಗ ಬಿಡಬೇಡಿ.

* ನೀವೇ ಪ್ರಕಟಿಸುವುದಾದರೆ ಐಎಸ್‌ಬಿಎನ್ ಸಂಖ್ಯೆಗೆ ಕೇಂದ್ರ ಶಿಕ್ಷಣ ಸಚಿವಾಲಯದ ರಾಜಾ ರಾಮಮೋಹನ ರಾಯ್ ಏಜೆನ್ಸಿಗೆ ಆನ್‌ಲೈನ್ ಅರ್ಜಿ ಹಾಕಬಹುದು. ಅದಕ್ಕೆ ಶುಲ್ಕ ಇಲ್ಲ. ಅದಕ್ಕಾಗಿ ಯಾರಾದರೂ ಸಾವಿರಗಟ್ಟಲೆ ಕೇಳಿದರೆ ಎಚ್ಚರ!

ದುಡ್ಡು ಕೊಡುವ ಮುಂಚೆ

ಇಲ್ಲಿಯೇ ಹೆಚ್ಚಿನವರು ಎಡವುವುದು. "ಇಷ್ಟು ಹಣ ಕೊಡಿ, ಪುಸ್ತಕ ಮಾಡಿ ರಾಜ್ಯಕ್ಕೆಲ್ಲ ಹಂಚ್ತೀವಿ" ಅಂತ ಯಾರೋ ಅಂದ ಕೂಡಲೇ ಬಳೆ ಅಡವಿಡಬೇಡಿ. ಎಷ್ಟು ಪ್ರತಿ, ಯಾವ ಕಾಗದ, ನಿಮ್ಮ ಕೈಗೆ ಎಷ್ಟು ಪ್ರತಿ, ಮಾರಾಟದಲ್ಲಿ ನಿಮ್ಮ ಪಾಲೆಷ್ಟು ಅನ್ನುವುದು ಬರಹದಲ್ಲಿರಬೇಕು. ಸಾವಿರ ಪ್ರತಿ ಹಾಕಿಸಿ ಮಂಚದ ಕೆಳಗೆ ಪೇರಿಸುವುದಕ್ಕಿಂತ ಡಿಜಿಟಲ್ ಮುದ್ರಣದಲ್ಲಿ ನೂರು-ಇನ್ನೂರು ಪ್ರತಿ ಮಾಡಿಸಿ. ಖರ್ಚಾದರೆ ಮತ್ತೆ ಹಾಕಿಸಬಹುದು.

ಹಕ್ಕಿನ ವಿಷಯವೂ ತಿಳಿದಿರಲಿ. ನೀವು ಬರೆದ ಕ್ಷಣದಿಂದಲೇ ಕಥೆಯ ಕಾಪಿರೈಟ್ ನಿಮ್ಮದು. ನೋಂದಣಿ ಕಡ್ಡಾಯವಲ್ಲ. ನಿಮ್ಮ ಜೀವಮಾನವಿಡೀ, ನಂತರ ಇನ್ನೂ 60 ವರ್ಷ ಅದು ಉಳಿಯುತ್ತದೆ, ನಿಮ್ಮ ಮಕ್ಕಳಿಗೆ ಸೇರುತ್ತದೆ. ಹಕ್ಕನ್ನು ಬರೆದುಕೊಡುವ ಕರಾರಿನಲ್ಲಿ ಅವಧಿ ನಮೂದಿಸದಿದ್ದರೆ ಕಾಯ್ದೆ ಅದನ್ನು ಐದು ವರ್ಷ ಅಂತ ಲೆಕ್ಕ ಹಿಡಿಯುತ್ತದೆ. "ಎಲ್ಲ ಹಕ್ಕು ಶಾಶ್ವತವಾಗಿ" ಅಂತ ಬರೆದ ಕಾಗದಕ್ಕೆ ಸಹಿ ಹಾಕುವ ಮುಂಚೆ ತಿಳಿದವರಿಗೆ ತೋರಿಸಿ. ಹೊಲದ ಪತ್ರವನ್ನು ಓದದೆ ಸಹಿ ಹಾಕುತ್ತೀರಾ? ಇದೂ ಹಾಗೆಯೇ.

ಮನೆಯವರು ಮೊದಲು ನಗಬಹುದು. "ರೊಟ್ಟಿ ಬಡಿಯೋದು ಬಿಟ್ಟು ಇದೇನು?" ಅನ್ನಬಹುದು. ಮಾತಿಗೆ ಮಾತು ಬೆಳೆಸಬೇಡಿ. ದಿನಕ್ಕೆ ಅರ್ಧ ತಾಸು ನಿಮ್ಮದು ಅಂತ ಗಟ್ಟಿ ಮಾಡಿಕೊಳ್ಳಿ. ಮೊದಲ ಕಥೆ ಅಚ್ಚಾಗಿ, ಅದರ ಕೆಳಗೆ ನಿಮ್ಮ ಹೆಸರು ಮತ್ತು ಊರು ಬಂದ ದಿನ, ಆ ಪುಟವನ್ನು ನೆರೆಮನೆಗೆ ಒಯ್ದು ತೋರಿಸುವವರು ಅದೇ ನಿಮ್ಮ ಮನೆಯವರೇ ಆಗಿರುತ್ತಾರೆ. ಅಲ್ವೇ?