ಹರಟೆಕಟ್ಟೆಯ ಯಜಮಾನ ಯಾರು?

ನಾಲ್ಕು ಜನ ಸೇರಿದ ಕಡೆ ಹರಟೆ ತಾನಾಗಿ ಹುಟ್ಟುತ್ತದೆ. ನಾನೂರು ಜನ ಸೇರಿದರೆ ಹರಟೆಗೂ ಒಬ್ಬ ಯಜಮಾನ ಬೇಕಾಗುತ್ತಾನೆ. ಯಾರು ಮಾತಾಡಬೇಕು, ಯಾರು ಸುಮ್ಮನಿರಬೇಕು? ಅತಿರೇಕಕ್ಕೆ ಹೋದವನನ್ನು ಹೊರಗೆ ಕಳಿಸುವವರು ಯಾರು? ಹಾಗೆ ಕಳಿಸಿದವನನ್ನೇ ಪ್ರಶ್ನಿಸುವವರು ಯಾರು? ಊರ ಪಂಚಾಯಿತಿ ಕಟ್ಟೆಯಿಂದ ವಿಧಾನಸಭೆಯವರೆಗೆ ಎಲ್ಲೆಡೆ ಇರುವ ಈ ಪ್ರಶ್ನೆಗಳು ಕಂಪ್ಯೂಟರ್ ಪರದೆಯನ್ನೂ ಬಿಟ್ಟಿಲ್ಲ. ಅಲ್ಲಿ ಇವುಗಳಿಗೆ ಉತ್ತರ ಹುಡುಕಿದ ಹಳೆಯ ಪ್ರಯೋಗಶಾಲೆಗಳಲ್ಲಿ ಒಂದರ ಹೆಸರು ಇಂಟರ್‌ನೆಟ್ ರಿಲೇ ಚಾಟ್, ಚುಟುಕಾಗಿ ಐಆರ್‌ಸಿ. ಚಿತ್ರವಿಲ್ಲ, ಧ್ವನಿಯಿಲ್ಲ, ಬರೀ ಅಕ್ಷರ. ಆದರೆ ಇಂದು ನಮ್ಮ ಕೈಯಲ್ಲಿರುವ ಮೊಬೈಲ್ ಗುಂಪುಗಳ ಜಗಳ, ರಾಜಿ, ರಾಜಕೀಯ ಎಲ್ಲವೂ ಅಲ್ಲಿ ಮೂರು ದಶಕಗಳ ಹಿಂದೆಯೇ ನಡೆದುಹೋಗಿವೆ.

ಐಆರ್‌ಸಿ ಹುಟ್ಟಿದ್ದು 1988ರ ಆಗಸ್ಟ್‌ನಲ್ಲಿ, ಫಿನ್‌ಲೆಂಡ್ ದೇಶದ ಔಲು ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿದ್ದ ಯಾರ್ಕೊ ಓಯ್ಕರಿನೆನ್ ಎಂಬ ಯುವಕನಿಗೆ ಆ ಕೆಲಸ ದಿನವಿಡೀ ಹಿಡಿಯುವಂಥದ್ದಾಗಿರಲಿಲ್ಲ. ಉಳಿದ ಹೊತ್ತಿನಲ್ಲಿ ಆತ ‘ಔಲುಬಾಕ್ಸ್’ ಎಂಬ ಸ್ಥಳೀಯ ಸಂದೇಶ ಫಲಕದ ಹಳೆಯ ಹರಟೆ ಕಾರ್ಯಕ್ರಮದ ಬದಲಿಗೆ ಹೊಸದೊಂದನ್ನು ಬರೆಯಲು ಕುಳಿತ. ಅದು ಫಿನ್‌ಲೆಂಡಿನ ಇತರ ವಿಶ್ವವಿದ್ಯಾಲಯಗಳಿಗೆ, ಅಲ್ಲಿಂದ ಅಮೆರಿಕಕ್ಕೆ ಹಬ್ಬಿತು. 1991ರ ಜನವರಿಯಲ್ಲಿ ಕೊಲ್ಲಿ ಯುದ್ಧ ಆರಂಭವಾದಾಗ ಹಲವು ದೇಶಗಳ ಜನ ಒಂದೇ ಚಾನೆಲ್‌ನಲ್ಲಿ ಸೇರಿ, ಬಂದ ಸುದ್ದಿಯನ್ನು ಆ ಕ್ಷಣವೇ ಹಂಚಿಕೊಂಡರು. ಅದೇ ವರ್ಷದ ಆಗಸ್ಟ್‌ನಲ್ಲಿ ಸೋವಿಯತ್ ಒಕ್ಕೂಟದಲ್ಲಿ ಗೋರ್ಬಚೇವ್ ವಿರುದ್ಧ ಕ್ಷಿಪ್ರಕ್ರಾಂತಿಯ ಯತ್ನ ನಡೆದಾಗಲೂ ಸುದ್ದಿ ಈ ದಾರಿಯಲ್ಲಿ ಹರಿಯಿತು. ಹರಟೆಗೆಂದು ಕಟ್ಟಿದ ಕಟ್ಟೆ ಹೀಗೆ ಸುದ್ದಿಯ ಜಗುಲಿಯೂ ಆಯಿತು.

ಓರೆಗೆರೆಯ ಆಜ್ಞೆ

ಐಆರ್‌ಸಿಯ ರಚನೆ ಸರಳ. ಒಂದು ಸರ್ವರ್ ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ, ಹೀಗೆ ಮರದ ಕೊಂಬೆಗಳಂತೆ ಜೋಡಣೆಗೊಂಡಿರುತ್ತವೆ. ಬಳಕೆದಾರ ತನಗೆ ಹತ್ತಿರದ ಸರ್ವರ್‌ಗೆ ಸೇರಿದರೆ ಸಾಕು. ಆತ ಬರೆದ ಸಾಲು ಕೊಂಬೆಯಿಂದ ಕೊಂಬೆಗೆ ದಾಟಿ ಅದೇ ಚಾನೆಲ್‌ನಲ್ಲಿ ಕುಳಿತವರೆಲ್ಲರ ಪರದೆಗೆ ತಲುಪುತ್ತದೆ. ಚಾನೆಲ್ ಎಂದರೆ ಒಂದು ಕೋಣೆ ಎಂದುಕೊಳ್ಳಿ. ಅದರ ಹೆಸರು ಸಾಮಾನ್ಯವಾಗಿ ‘#’ ಚಿಹ್ನೆಯಿಂದ ಆರಂಭ. ಒಳಗಿರುವವರಿಗೆ ನಿಜನಾಮದ ಹಂಗಿಲ್ಲ, ಅಡ್ಡಹೆಸರು ಇದ್ದರಾಯಿತು. 1993ರ ಮೇ ತಿಂಗಳಲ್ಲಿ ಪ್ರಕಟವಾದ ನಿಯಮಾವಳಿಯ ಪ್ರಕಾರ ಆ ಅಡ್ಡಹೆಸರು 9 ಅಕ್ಷರ ಮೀರುವಂತಿರಲಿಲ್ಲ.

ಇಲ್ಲಿ ಗುಂಡಿ ಒತ್ತುವುದಕ್ಕಿಂತ ಆಜ್ಞೆಯನ್ನು ಟೈಪು ಮಾಡುವುದೇ ರೂಢಿ. ಸಾಲಿನ ಮೊದಲಲ್ಲಿ ಓರೆಗೆರೆ ಇದ್ದರೆ ಅದು ಆಜ್ಞೆ, ಇಲ್ಲದಿದ್ದರೆ ಮಾತು. ಚಾನೆಲ್ ಸೇರಲು ‘/ಜಾಯಿನ್’, ಹೊರಡಲು ‘/ಪಾರ್ಟ್’, ಹೆಸರು ಬದಲಿಸಲು ‘/ನಿಕ್’, ಒಬ್ಬರ ಕಿವಿಯಲ್ಲಿ ಮಾತ್ರ ಪಿಸುಗುಟ್ಟಲು ‘/ಎಂಎಸ್‌ಜಿ’, ಯಾರದೋ ಮಾತು ಬೇಡವೆನಿಸಿದರೆ ಕಿವಿ ಮುಚ್ಚಿಕೊಳ್ಳಲು ‘/ಇಗ್ನೋರ್’. ಇವನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಬೇಕು. ಆತುರದಲ್ಲಿ ಓರೆಗೆರೆಯ ಹಿಂದೆ ಒಂದು ಖಾಲಿ ಜಾಗ ಬಿಟ್ಟರೂ ಆಜ್ಞೆಯು ಮಾತಾಗಿ ಬಿಡುತ್ತದೆ. ಗುಟ್ಟಾಗಿ ಕೊಡಬೇಕಾದ ಗುಪ್ತಪದ ತುಂಬಿದ ಸಭೆಯಲ್ಲಿ ಬಯಲಾಗುತ್ತದೆ. ಎಷ್ಟೋ ಜನ ಈ ಪಾಠವನ್ನು ಕಲಿತದ್ದು ಹಾಗೆಯೇ.

ಕನ್ನಡಿಗರಿಗೆ ಕುತೂಹಲ ಹುಟ್ಟಿಸುವ ಸಂಗತಿ ಇನ್ನೊಂದಿದೆ. ಐಆರ್‌ಸಿಯಲ್ಲಿ ಒಂದು ಸಂದೇಶದ ಗರಿಷ್ಠ ಗಾತ್ರ 512 ಬೈಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡವನ್ನು ಈಗಿನ ಯೂನಿಕೋಡ್ ಪದ್ಧತಿಯಲ್ಲಿ ಕಳಿಸಿದರೆ ಪ್ರತಿ ಅಕ್ಷರ, ಪ್ರತಿ ಕಾಗುಣಿತ ಚಿಹ್ನೆಗೂ ಸಾಮಾನ್ಯವಾಗಿ ಮೂರು ಬೈಟ್ ಬೇಕು. ‘ಕಿ’ ಎಂದು ಬರೆದರೆ ಆರು ಬೈಟ್ ಮುಗಿಯಿತು! ಹಾಗಾಗಿ ಇಂಗ್ಲಿಷಿನವನು ದೀರ್ಘ ವಾಕ್ಯವನ್ನು ಒಂದೇ ಉಸಿರಿಗೆ ಹೇಳುವ ಕಡೆ ಕನ್ನಡದವನು ಎರಡು ಮೂರು ಬಾರಿ ಉಸಿರು ತೆಗೆದುಕೊಳ್ಳಬೇಕು. ಯೂನಿಕೋಡ್ ಬಳಕೆ ಹಬ್ಬುವ ಮುನ್ನ ಕನ್ನಡದ ಮಾತನ್ನು ಇಂಗ್ಲಿಷ್ ಲಿಪಿಯಲ್ಲಿ ಟೈಪಿಸುವುದೇ ಸುಲಭದ ದಾರಿಯಾಗಿತ್ತು.

ಮೊದಲು ಬಂದವನೇ ದೊರೆ

ಈಗ ಅಧಿಕಾರದ ವಿಚಾರಕ್ಕೆ ಬರೋಣ. ಇಲ್ಲದ ಚಾನೆಲ್‌ನ ಹೆಸರು ಹೇಳಿ ಒಳಗೆ ಹೋದರೆ ಆ ಚಾನೆಲ್ ಅಲ್ಲಿಯೇ ಹುಟ್ಟುತ್ತದೆ. ಮೊದಲು ಬಂದವನ ಹೆಸರಿನ ಮುಂದೆ ‘@’ ಚಿಹ್ನೆ ಮೂಡುತ್ತದೆ. ಅದೇ ಕಿರೀಟ. ಆತ ಚಾನೆಲ್ ಆಪರೇಟರ್, ಬಳಕೆಯ ಮಾತಿನಲ್ಲಿ ‘ಆಪ್’. ‘/ಕಿಕ್’ ಎಂದು ಯಾರನ್ನಾದರೂ ಹೊರದಬ್ಬಬಹುದು, ‘/ಮೋಡ್’ ಆಜ್ಞೆಯಿಂದ ಬಹಿಷ್ಕಾರ ಹಾಕಬಹುದು, ಬಾಗಿಲಿಗೆ ಬೀಗ ಜಡಿಯಬಹುದು, ಇಡೀ ಸಭೆಯನ್ನು ಮೌನವಾಗಿಸಿ ‘+’ ಚಿಹ್ನೆ ಪಡೆದವರಿಗೆ ಮಾತ್ರ ಬಾಯಿ ಕೊಡಬಹುದು, ತನ್ನ ಕಿರೀಟವನ್ನು ಬೇರೆಯವರಿಗೂ ಹಂಚಬಹುದು. ಆದರೆ ಹಳೆಯ ಪದ್ಧತಿಯಲ್ಲಿ ಈ ದೊರೆತನಕ್ಕೆ ಪಹಣಿಯಿಲ್ಲ, ಪತ್ರವಿಲ್ಲ. ಆಪ್ ಎದ್ದು ಹೋದರೆ ಕಿರೀಟವೂ ಹೋಯಿತು. ಕೊನೆಯವನು ಹೊರಟರೆ ಚಾನೆಲ್ಲೇ ಇಲ್ಲವಾಯಿತು.

ಜಗಳ ಹುಟ್ಟಿದ್ದು ಇಲ್ಲಿಯೇ. ಎರಡು ಸರ್ವರ್‌ಗಳ ನಡುವಿನ ಸಂಪರ್ಕ ಕಡಿದರೆ ಜಾಲ ಎರಡು ಹೋಳಾಗುತ್ತದೆ. ಇದಕ್ಕೆ ‘ನೆಟ್‌ಸ್ಪ್ಲಿಟ್’ ಎಂದು ಹೆಸರು. ಚಾನೆಲ್‌ನ ಸದಸ್ಯರೆಲ್ಲ ಒಂದು ಹೋಳಿನಲ್ಲಿ ಉಳಿದರೆ, ಇನ್ನೊಂದು ಹೋಳಿನಲ್ಲಿ ಅದೇ ಹೆಸರಿನ ಕೋಣೆ ಖಾಲಿ. ಹೊಂಚು ಹಾಕಿದವನು ಅಲ್ಲಿ ನುಗ್ಗಿದರೆ ಮೊದಲು ಬಂದವನೆಂಬ ನಿಯಮದಂತೆ ಅವನಿಗೂ ಕಿರೀಟ. ಸಂಪರ್ಕ ಮತ್ತೆ ಕೂಡಿದಾಗ ಆತ ಕಿರೀಟದ ಸಮೇತ ಹಳೆಯ ಸಭೆಗೆ ಬಂದು, ನಿಜವಾದ ಆಪ್‌ಗಳನ್ನು ಒಬ್ಬೊಬ್ಬರಾಗಿ ಹೊರದಬ್ಬುತ್ತಿದ್ದ. ವರ್ಷಗಟ್ಟಲೆ ಬೆಳೆಸಿದ ಕೂಟ ಕೆಲವೇ ಕ್ಷಣಗಳಲ್ಲಿ ಪರರ ಪಾಲು.

ಪರಿಹಾರಗಳು ಹಲವು ಬಂದವು. ಹಗಲಿರುಳು ಎದ್ದಿದ್ದು ಕಿರೀಟ ಕಾಯುವ ‘ಬಾಟ್’ ಎಂಬ ಯಂತ್ರ ಕಾವಲುಗಾರರನ್ನು ಕೂರಿಸಿದರು. 1993ರಲ್ಲಿ ಬರೆಯಲಾದ ‘ಎಗ್‌ಡ್ರಾಪ್’ ಇವುಗಳಲ್ಲಿ ಪ್ರಸಿದ್ಧ. 1994ರಲ್ಲಿ ಆರಂಭವಾದ ಡಾಲ್‌ನೆಟ್ ಎಂಬ ಜಾಲ ಅಡ್ಡಹೆಸರನ್ನೂ ಚಾನೆಲನ್ನೂ ನೋಂದಾಯಿಸುವ ಸೌಲಭ್ಯವನ್ನು ಜನಪ್ರಿಯಗೊಳಿಸಿತು. ಅಂದರೆ ಕಟ್ಟೆಗೆ ಪಹಣಿ ಬಂತು. ಎಫ್‌ನೆಟ್ ಎಂಬ ಹಳೆಯ ಜಾಲದ ವಾದ ಬೇರೆ: ಹೆಸರಾಗಲಿ ಚಾನೆಲಾಗಲಿ ಯಾರ ಸ್ವತ್ತೂ ಅಲ್ಲ. ಈ ಎಫ್‌ನೆಟ್ ಹುಟ್ಟಿದ್ದೂ ಜಗಳದಿಂದಲೇ. ಬರ್ಕ್ಲಿಯ ‘ಎರಿಸ್’ ಎಂಬ ಸರ್ವರ್ ಯಾರು ಬಂದರೂ ಜಾಲಕ್ಕೆ ಸೇರಿಸಿಕೊಳ್ಳುತ್ತಿತ್ತು. ಅದರಿಂದಾದ ಉಪಟಳ ತಾಳದೆ 1990ರ ಆಗಸ್ಟ್‌ನಲ್ಲಿ ಉಳಿದವರು ಅದನ್ನು ದೂರವಿಟ್ಟು ತಮ್ಮದನ್ನು ‘ಎರಿಸ್ ಇಲ್ಲದ ಜಾಲ’ ಎಂದು ಕರೆದುಕೊಂಡರು. ಎರಿಸ್ ಎಂದರೆ ಗ್ರೀಕ್ ಪುರಾಣದಲ್ಲಿ ಕಲಹದ ದೇವತೆ ಎಂಬುದು ಇಲ್ಲಿ ನೆನಪಿಡತಕ್ಕದ್ದು.

1996ರ ಜುಲೈನಲ್ಲಿ ಎಫ್‌ನೆಟ್ಟೇ ಇಬ್ಭಾಗವಾಯಿತು. ಕಿರೀಟ ಕದಿಯುವವರನ್ನು ತಡೆಯುವ ಬಗೆ ಹೇಗೆಂಬುದು ವಿವಾದದ ಮುಖ್ಯ ವಿಷಯಗಳಲ್ಲೊಂದು. ಚಾನೆಲ್ ಹುಟ್ಟಿದ ಸಮಯ ದಾಖಲಿಸಿ, ಜಾಲ ಕೂಡಿದಾಗ ಹಳೆಯದಕ್ಕೆ ಮಾನ್ಯತೆ ಕೊಡೋಣ ಎಂದಿತು ಒಂದು ಪಕ್ಷ. ಜಾಲ ಕಡಿದಾಗ ಆ ಹೆಸರನ್ನೇ ಸ್ವಲ್ಪ ಹೊತ್ತು ಯಾರಿಗೂ ಸಿಗದಂತೆ ಬಂದ್ ಮಾಡೋಣ ಎಂದಿತು ಇನ್ನೊಂದು. ಯುರೋಪಿನ ಹೆಚ್ಚಿನ ಸರ್ವರ್‌ಗಳು ಹೊರನಡೆದು ‘ಐಆರ್‌ಸಿನೆಟ್’ ಕಟ್ಟಿಕೊಂಡವು. ಮೇಲ್ನೋಟಕ್ಕೆ ತಾಂತ್ರಿಕ ತಕರಾರು. ಒಳಗೆ ನೋಡಿದರೆ ಉತ್ತರಾಧಿಕಾರದ ವ್ಯಾಜ್ಯ.

ಬಹಿಷ್ಕಾರದ ಕಷ್ಟ

ಚಾನೆಲ್ ನಡೆಸುವವರ ನಿತ್ಯದ ಕೆಲಸ ಇಷ್ಟೊಂದು ನಾಟಕೀಯವಲ್ಲ. ಗದ್ದಲ ಮಾಡುವವನಿಗೆ ಮೊದಲು ಸಭೆಯಲ್ಲಿ ಒಂದು ಮಾತು, ಕೇಳದಿದ್ದರೆ ಖಾಸಗಿಯಾಗಿ ಬುದ್ಧಿಮಾತು, ಆಮೇಲೆ ‘ಕಿಕ್’, ಕಟ್ಟಕಡೆಗೆ ‘ಬ್ಯಾನ್’. ಅನುಭವಸ್ಥರ ಕ್ರಮ ಇದು. ಹೊರದಬ್ಬಿಸಿಕೊಂಡವನು ಮರುಕ್ಷಣವೇ ಮರಳಿ ಬರಬಲ್ಲ, ಬಹಿಷ್ಕೃತ ಬರಲಾರ. ಆದರೆ ಬಹಿಷ್ಕಾರ ಯಾರಿಗೆ? ಅಡ್ಡಹೆಸರಿಗೆ ಹಾಕಿದರೆ ಆತ ಹೆಸರು ಬದಲಿಸಿ ಬಂದಾನು. ಆದ್ದರಿಂದ ಬಂದ ವಿಳಾಸಕ್ಕೆ ಹಾಕಬೇಕು. ದೂರವಾಣಿ ಮೂಲಕ ಸಂಪರ್ಕ ಪಡೆಯುತ್ತಿದ್ದ ಕಾಲದಲ್ಲಿ ಪ್ರತಿ ಬಾರಿಯೂ ವಿಳಾಸ ಬದಲಾಗುತ್ತಿದ್ದುದರಿಂದ ಆಪ್‌ಗಳು ನಕ್ಷತ್ರ ಚಿಹ್ನೆ ಬಳಸಿ ಆ ಇಡೀ ಸಂಸ್ಥೆಯ ಗ್ರಾಹಕರಿಗೇ ಬಾಗಿಲು ಮುಚ್ಚಬಹುದಿತ್ತು.

ಇದರ ಅರ್ಥ ಭಾರತದವರಿಗೆ ಏನಾಗುತ್ತಿತ್ತು ಊಹಿಸಿ. ನಮ್ಮಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಖಾಸಗಿ ಸಂಸ್ಥೆಗಳಿಗೆ ಅವಕಾಶ ಸಿಕ್ಕಿದ್ದು 1998ರ ನವೆಂಬರ್‌ನಲ್ಲಿ. ಆ ಮೂರು ವರ್ಷಗಳಲ್ಲಿ ದೂರದ ಯಾವುದೋ ಚಾನೆಲ್‌ನ ಆಪ್ ಒಬ್ಬ ತುಂಟನ ಮೇಲಿನ ಸಿಟ್ಟಿಗೆ ವಿಎಸ್‌ಎನ್‌ಎಲ್ ವಿಳಾಸಗಳನ್ನೆಲ್ಲ ನಿಷೇಧಿಸಿದರೆ, ಬೆಂಗಳೂರಿನ ವಿದ್ಯಾರ್ಥಿಯಿಂದ ಮುಂಬೈಯ ವ್ಯಾಪಾರಿಯವರೆಗೆ ಎಲ್ಲರೂ ಹೊರಗೆ! ಒಂದು ನಕ್ಷತ್ರ ಚಿಹ್ನೆಗೆ ಅಷ್ಟು ಬಲ. ಒಬ್ಬನ ತಪ್ಪಿಗೆ ಊರಿಗೇ ದಂಡ ಹಾಕುವುದು ಹಿಂದಿನ ಕಾಲದ ಪಾಳೆಯಗಾರರ ಗುಣ ಮಾತ್ರವಲ್ಲ ಎಂದಾಯಿತು.

ಹೀಗಾಗಿ ನಿರ್ವಹಣೆಯ ಜಾಣತನ ಅಧಿಕಾರ ತೋರಿಸುವುದರಲ್ಲಿಲ್ಲ, ಅಡಗಿಸುವುದರಲ್ಲಿದೆ ಎಂಬ ತಿಳಿವು ಮೂಡಿತು. ಮುಕ್ತ ತಂತ್ರಾಂಶ ಬರೆಯುವವರ ನೆಲೆಯಾಗಿದ್ದ ಫ್ರೀನೋಡ್ ಜಾಲ ತನ್ನ ಆಪ್‌ಗಳಿಗೆ ನೀಡುತ್ತಿದ್ದ ಸಲಹೆ ಇದೇ: ಅಗತ್ಯವಿಲ್ಲದಾಗ ‘@’ ಧರಿಸಬೇಡಿ. ಕಿರೀಟ ಕಂಡರೆ ಕೆಲವರಿಗೆ ಅಂಜಿಕೆ, ಕೆಲವರಿಗೆ ಕೆಣಕುವ ಚಪಲ. ಸಾಮಾನ್ಯ ಸದಸ್ಯನಂತೆ ಕುಳಿತು, ಮಾತಿನ ದಿಕ್ಕನ್ನು ಮಾತಿನಿಂದಲೇ ತಿರುಗಿಸುವವನೇ ಒಳ್ಳೆಯ ನಿರ್ವಾಹಕ.

ಎದ್ದು ಹೋಗುವ ಹಕ್ಕು

ಅದೇ ಫ್ರೀನೋಡ್ 2021ರಲ್ಲಿ ದೊಡ್ಡ ಪರೀಕ್ಷೆಗೆ ಒಳಗಾಯಿತು. ಜಾಲದ ಒಡೆತನ ಮತ್ತು ಹಿಡಿತದ ಬಗ್ಗೆ ವಿವಾದ ಎದ್ದು, ಅದನ್ನು ನಡೆಸುತ್ತಿದ್ದ ಸ್ವಯಂಸೇವಕರಲ್ಲಿ ಬಹುಪಾಲು ಮಂದಿ ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟು ‘ಲಿಬೆರಾ ಚಾಟ್’ ಎಂಬ ಹೊಸ ಜಾಲ ಆರಂಭಿಸಿದರು. ಕೆಲವೇ ದಿನಗಳಲ್ಲಿ, ಹೊಸ ಜಾಲದ ಹೆಸರನ್ನು ತಮ್ಮ ಫಲಕದಲ್ಲಿ ಬರೆದುಕೊಂಡಿದ್ದ ನೂರಾರು ಚಾನೆಲ್‌ಗಳನ್ನು ಫ್ರೀನೋಡ್ ಆಡಳಿತ ತನ್ನ ವಶಕ್ಕೆ ತೆಗೆದುಕೊಂಡಿತು. ಚಾನೆಲ್‌ನ ಆಪ್ ಎಷ್ಟೇ ದೊಡ್ಡವನಾದರೂ ಸರ್ವರ್ ನಡೆಸುವವನ ಮುಂದೆ ಅವನೂ ಪ್ರಜೆಯೇ ಎಂಬುದು ಆಗ ಎಲ್ಲರಿಗೂ ಅರಿವಾಯಿತು. ಆದರೆ ವಿಕಿಪೀಡಿಯ, ಉಬುಂಟು ಮುಂತಾದ ಸಮುದಾಯಗಳು ಅಳುತ್ತ ಕೂರಲಿಲ್ಲ. ಗಂಟುಮೂಟೆ ಕಟ್ಟಿ ಲಿಬೆರಾಗೆ ಹೋದವು. ಸರ್ವರ್ ಬದಲಾಯಿತು, ಅದೇ ತಂತ್ರಾಂಶ, ಅದೇ ಆಜ್ಞೆ, ಅದೇ ಜನ. ಐಆರ್‌ಸಿಯ ನಿಯಮಾವಳಿ ಯಾರ ಖಾಸಗಿ ಆಸ್ತಿಯೂ ಅಲ್ಲದ್ದರಿಂದ ಇದು ಸಾಧ್ಯವಾಯಿತು.

ಐಆರ್‌ಸಿ ಬಳಸುವವರ ಸಂಖ್ಯೆ ಈಗ ಬಹಳ ಇಳಿದಿದೆ. ಆದರೆ ಅದರ ಕುರುಹು ಎಲ್ಲೆಲ್ಲೂ ಇದೆ. 2007ರ ಆಗಸ್ಟ್‌ನಲ್ಲಿ ಕ್ರಿಸ್ ಮೆಸಿನಾ ಆಗಿನ ಟ್ವಿಟರ್‌ನಲ್ಲಿ ‘#’ ಬಳಸೋಣವೆಂದು ಸೂಚಿಸಿದಾಗ ಆತನ ಮನಸ್ಸಿನಲ್ಲಿದ್ದುದು ಐಆರ್‌ಸಿ ಚಾನೆಲ್‌ನ ಹೆಸರಿನ ಮಾದರಿ. ಕಚೇರಿಗಳಲ್ಲಿ ಬಳಸುವ ಸ್ಲ್ಯಾಕ್‌ನ ಚಾನೆಲ್‌ಗಳು, ಓರೆಗೆರೆಯ ಆಜ್ಞೆಗಳು ಅದೇ ವಂಶದವು. ವಾಟ್ಸ್‌ಆ್ಯಪ್‌ನಲ್ಲಿ ಗುಂಪು ಕಟ್ಟಿದವನೇ ಅಡ್ಮಿನ್ ಆಗುವುದು, ಆತ ಬೇಡದವರನ್ನು ತೆಗೆದುಹಾಕುವುದು, ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಮಾಡುವುದು, ಇವೆಲ್ಲ ಐಆರ್‌ಸಿ ಬಲ್ಲವರಿಗೆ ಹಳೆಯ ಆಟವೇ.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಇಂದಿನ ಗುಂಪಿನಲ್ಲಿ ಅಡ್ಮಿನ್ ಸರಿಯಿಲ್ಲದಿದ್ದರೆ ನಾವು ಗುಂಪು ಬಿಡಬಹುದು, ಬೇರೆ ಗುಂಪು ಕಟ್ಟಬಹುದು. ಆದರೆ ಕಟ್ಟೆಯ ಒಡೆಯನಾದ ಕಂಪನಿಯೇ ನಿಯಮ ಬದಲಿಸಿದರೆ, ಅದೇ ಕಟ್ಟೆಯನ್ನು ಹೊತ್ತುಕೊಂಡು ಇನ್ನೊಂದು ಊರಿಗೆ ಹೋಗಲಾಗದು. ಐಆರ್‌ಸಿಯವರು ಮೂವತ್ತು ವರ್ಷ ಕಚ್ಚಾಡಿದರು, ಒಡೆದರು, ಮತ್ತೆ ಕಟ್ಟಿದರು. ಆದರೆ ಎದ್ದು ಹೋಗುವ ದಾರಿಯನ್ನು ಮುಚ್ಚಲಿಲ್ಲ. ಗುಂಪಿನ ಯಜಮಾನನ ಕೈಯಲ್ಲಿ ಎಷ್ಟು ಅಧಿಕಾರವಿರಬೇಕು ಎಂಬ ಚರ್ಚೆ ನಮ್ಮಲ್ಲಿ ಆಗಾಗ ನಡೆಯುತ್ತದೆ. ಗುಂಪಿನ ಜನರಿಗೆ ಹೊರಡಲು ಎಷ್ಟು ದಾರಿಗಳಿವೆ ಎಂಬುದನ್ನೂ ಅದರ ಜೊತೆಗೆ ಕೇಳುವುದು ಒಳ್ಳೆಯದು.