ಶಾಪ ತಗುಲಿದ ಒಂಟೆ

ಕಿಕ್ ಹೊಡೆದು ಸುಸ್ತಾಗಿ ಹಳೇ ಸ್ಕೂಟರಿಗೆ ‘ಹಾಳಾಗಿ ಹೋಗು’ ಅಂದೆ. ಜಗಲಿ ಮೇಲಿದ್ದ ಅಬ್ಬಾ, ‘ಕೀಲಿ ಕೊಡು. ಇವತ್ತು ನಡೆದೇ ಹೋಗು’ ಅಂದರು. ಆ ಮಾತಿನ ಹಿಂದೆ ಒಂಟೆಯ ಕತೆಯೊಂದಿದೆ ಅಂತ ಆಮೇಲೆ ಗೊತ್ತಾಯಿತು.

ಸಹೀಹ್ ಮುಸ್ಲಿಮ್ ಹದೀಸ್ ಸಂಗ್ರಹದಲ್ಲಿದೆ: ಪ್ರಯಾಣದಲ್ಲಿ ಮದೀನಾದ ಅನ್ಸಾರಿ ಹೆಂಗಸೊಬ್ಬಳು ರೋಸಿಹೋಗಿ ತಾನು ಕೂತ ಒಂಟೆಗೇ ಶಾಪ ಹಾಕಿದಳು. ಪ್ರವಾದಿ ಮುಹಮ್ಮದರು ಕೇಳಿಸಿಕೊಂಡು, ಹೊರೆ ಇಳಿಸಿ ಅದನ್ನು ಬಿಟ್ಟುಬಿಡಿ, ಅದಕ್ಕೆ ಶಾಪ ತಗುಲಿದೆ ಎಂದರು. ಜನರ ನಡುವೆ ಅದು ಅಡ್ಡಾಡುತ್ತಿದ್ದುದನ್ನು, ಯಾರೂ ಅದರ ಗೊಡವೆಗೆ ಹೋಗದ್ದನ್ನು ಪ್ರವಾದಿಯ ಸಂಗಾತಿ ಇಮ್ರಾನ್ ಇಬ್ನ್ ಹುಸೈನ್ ನೆನೆಯುತ್ತಾರೆ. ಒಂಟೆಗೇನೋ ರಜೆ ಸಿಕ್ಕಿತು, ಕಳಕೊಂಡವಳು ಬೈದವಳು.

ಮನುಷ್ಯರ ವಿಷಯದಲ್ಲಿ ಇನ್ನೂ ಬಿಗಿ. ಇನ್ನೊಬ್ಬನ ಅಪ್ಪನನ್ನು ಬೈದರೆ ಅವನು ನಿನ್ನಪ್ಪನನ್ನು ಬೈಯುತ್ತಾನೆ; ಹಾಗಾಗಿ ಹೆತ್ತವರನ್ನು ಬೈಸಿದವನು ನೀನೇ. ಹದೀಸಿನಲ್ಲಿ ಇದು ಮಹಾಪಾಪಗಳ ಸಾಲಿನಲ್ಲಿದೆ. ಕುರ್‌ಆನಿನ 49ನೇ ಅಧ್ಯಾಯ ಅಡ್ಡಹೆಸರಿಟ್ಟು ಅಣಕಿಸುವುದನ್ನೂ ಬೇಡ ಅನ್ನುತ್ತದೆ. ನಮ್ಮ ಕ್ರಿಕೆಟ್ ತಂಡದಲ್ಲೋ, ಒಬ್ಬನಿಗೂ ಸ್ವಂತ ಹೆಸರಿರಲಿಲ್ಲ!